ಥ್ರಾಟ್ಲಿಂಗ್ ಅಂದರೆ ಕತ್ತು ಹಿಸುಕುವುದು

‘ಥ್ರಾಟ್ಲಿಂಗ್ ಜಾಸ್ತಿಯಾಗಿ ಬಾಕ್ಸ್ ಬಿಸಿಯಾಗುತ್ತಿದೆ, ದಯವಿಟ್ಟು ಆಫ್ ಮಾಡಿಕೊಡಿ.’ ಜಾಹೀರಾತು, ಮಾಹಿತಿ ತೋರಿಸುವ ಡಿಜಿಟಲ್ ಸೈನೇಜ್ ಪರದೆಗಳ ಬೆನ್ನಿಗೆ ಕೂರುವ ಪುಟ್ಟ ಕಂಪ್ಯೂಟರ್‌ಗಳ ದೂರಿನಲ್ಲಿ ಈ ಸಾಲನ್ನು ಎಷ್ಟು ಸಲ ಓದಿದ್ದೇನೋ. ಮೊನ್ನೆ ಮತ್ತೆ ಬಂತು. ಬಿಸಿ ಏರಿದಾಗ ಪ್ರೊಸೆಸರ್, ಅಂದರೆ ಲೆಕ್ಕ ಮಾಡುವ ಮುಖ್ಯ ಚಿಪ್ (ಸಿಪಿಯು), ತನ್ನ ವೇಗ ಇಳಿಸಿಕೊಳ್ಳುವುದೇ ಥ್ರಾಟ್ಲಿಂಗ್. ಅದರಿಂದಲೇ ಬಿಸಿ ಅನ್ನುವುದು, ಕೊಡೆ ಬಿಚ್ಚಿದ್ದಕ್ಕೇ ಮಳೆ ಬಂತು ಅಂದ ಹಾಗೆ!

ಈ ಗೊಂದಲ ಹುಟ್ಟಿದ್ದು ಬೈಕಿನಿಂದ ಅಂತ ನನ್ನ ಗುಮಾನಿ. ಬೈಕ್ ಓಡಿಸುವವರಿಗೆ ಥ್ರಾಟಲ್ ಅಂದರೆ ಎಕ್ಸಲರೇಟರ್. ತಿರುವಿದರೆ ವೇಗ. ಹಾಗಾಗಿ ಥ್ರಾಟ್ಲಿಂಗ್ ಅಂದರೆ ಪ್ರೊಸೆಸರನ್ನು ಒಂದೇ ಸಮನೆ ಓಡಿಸುವುದು ಅಂದುಕೊಳ್ಳುತ್ತಾರೆ. ಪದದ ಬುಡಕ್ಕೆ ಹೋದರೆ ಕಥೆ ಉಲ್ಟಾ. ಇಂಗ್ಲಿಷಿನ ‘ಥ್ರೋಟ್’, ಅಂದರೆ ಗಂಟಲು, ಅದರ ಮಗು ಈ ‘ಥ್ರಾಟಲ್’. ಅರ್ಥ, ಕತ್ತು ಹಿಸುಕು. ಉಗಿ ಎಂಜಿನ್ ಬಂದಾಗ ಉಗಿಯ ದಾರಿಯನ್ನು ಕಿರಿದು ಮಾಡುವ ಕವಾಟಕ್ಕೆ ಇದೇ ಹೆಸರು ಬಿತ್ತು. 1788ರಲ್ಲಿ ಜೇಮ್ಸ್ ವಾಟ್ ಎಂಜಿನ್ನಿಗೆ ವೇಗ ಹಿಡಿತದಲ್ಲಿಡುವ ಗವರ್ನರ್ ಜೋಡಿಸಿದ. ವೇಗ ಹೆಚ್ಚಿದರೆ ಅದರ ಎರಡು ಗುಂಡುಗಳು ತಿರುಗುತ್ತಾ ಮೇಲೇಳುತ್ತವೆ, ಕವಾಟ ಮುಚ್ಚಿಕೊಳ್ಳುತ್ತದೆ, ಎಂಜಿನ್ ತಣ್ಣಗೆ ದಾರಿಗೆ ಬರುತ್ತದೆ. (ಕಂಪ್ಯೂಟರ್ ನಡೆಸುವ ತಂತ್ರಾಂಶವಾದ ಲಿನಕ್ಸ್‌ನಲ್ಲಿ ಸಿಪಿಯು ವೇಗ ನೋಡಿಕೊಳ್ಳುವ ಭಾಗಕ್ಕೆ ಇವತ್ತಿಗೂ ಗವರ್ನರ್ ಅಂತಲೇ ಹೆಸರು.) ಬೈಕಿನಲ್ಲೂ ಅಷ್ಟೇ. ಕಾರ್ಬುರೇಟರಿನ ಗಂಟಲು ಮೊದಲೇ ಹಿಸುಕಿಕೊಂಡಿರುತ್ತದೆ. ನೀವು ಕೈ ತಿರುವಿದಾಗ ಹಿಡಿತ ಸಡಿಲವಾಗುತ್ತದೆ, ಅಷ್ಟೇ.

ಪ್ರೊಸೆಸರ್ ವಿಷಯದಲ್ಲಿ ಉಳಿದದ್ದು ಆ ಹಳೆಯ ಅರ್ಥವೇ. ಬಿಸಿ ಮಿತಿ ಮುಟ್ಟಿದಾಗ ಚಿಪ್ ತನ್ನ ವೇಗಕ್ಕೆ ತಾನೇ ಕಡಿವಾಣ ಹಾಕಿಕೊಳ್ಳುತ್ತದೆ. ಇಂಥ ಪುಟ್ಟ ಕಂಪ್ಯೂಟರ್‌ಗಳಲ್ಲೊಂದಾದ ರಾಸ್ಪ್‌ಬೆರಿ ಪೈ 4 ಇದನ್ನು 80 ಡಿಗ್ರಿ ಸೆಲ್ಸಿಯಸ್ ಹತ್ತಿರ ಶುರು ಮಾಡುತ್ತದೆ, 85ರಲ್ಲಿ ಇನ್ನೂ ಬಿಗಿ ಮಾಡುತ್ತದೆ. ಆ ಮಿತಿಯನ್ನು 85ಕ್ಕಿಂತ ಮೇಲೆ ಏರಿಸಲು ಬಿಡುವುದೂ ಇಲ್ಲ. ಆಫ್ ಮಾಡಿ ಅನ್ನುವವರಿಗೆ ಇದೇ ಉತ್ತರ.

ಇದನ್ನು ‘ಹ್ಯಾಂಗ್’ ಅಂತಲೂ ಬರೆಯಬೇಡಿ. ಹ್ಯಾಂಗ್ ಆದರೆ ಪರದೆ ನಿಂತೇ ಹೋಗುತ್ತದೆ. ಥ್ರಾಟಲ್ ಆದರೆ ಓಡುತ್ತಲೇ ಇರುತ್ತದೆ, ಆದರೆ ಕುಂಟುತ್ತದೆ. ಬೆಳಿಗ್ಗೆ ಚೆನ್ನಾಗಿ ಹರಿಯುತ್ತಿದ್ದ ಕೆಳಗಿನ ಸುದ್ದಿ ಪಟ್ಟಿ ಅರ್ಧ ಗಂಟೆ ಕಳೆದ ಮೇಲೆ ತಡವರಿಸಲು ಶುರು ಮಾಡುತ್ತದೆ. ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ಹಚ್ಚಿದರೆ ಮತ್ತೆ ಚೆನ್ನಾಗಿರುತ್ತದೆ. ಬೈಗುಳ ಮಾತ್ರ ಸುಮ್ನೆ ಸಾಫ್ಟ್‌ವೇರ್‌ಗೆ.

ಇನ್ನು ‘ಫ್ಯಾನ್‌ಲೆಸ್ ಬಾಕ್ಸ್ ಬಿಸಿಯಾಗಲ್ಲ’ ಅನ್ನೋ ಮಾತು. ಅಲ್ಲಿ ಪೆಟ್ಟಿಗೆಯೇ ಹೀಟ್‌ಸಿಂಕ್, ಅಂದರೆ ಚಿಪ್ಪಿನ ಬಿಸಿ ಹೀರಿ ಹೊರಬಿಡುವ ಲೋಹ. ಅದು ಮುಟ್ಟಿದರೆ ಬೆಚ್ಚಗಿರಲೇಬೇಕು. ಪರದೆಗೂ ಗೋಡೆಗೂ ನಡುವೆ ಗಾಳಿಯಾಡದ ಹಾಗೆ ತುರುಕಿದರೆ ಆ ಬಿಸಿ ಎಲ್ಲಿಗೆ ಹೋಗಬೇಕು? ವಿಡಿಯೋ ಫೈಲನ್ನೂ ನೋಡಿ. ಪೈ 4ರಲ್ಲಿ 4ಕೆ ವಿಡಿಯೋ ಬಿಡಿಸುವ ಯಂತ್ರಾಂಶ ಇರುವುದು ಎಚ್.265 ಅನ್ನುವ ವಿಡಿಯೋ ಕುಗ್ಗಿಸುವ ವಿಧಾನಕ್ಕೆ. 4ಕೆ ಎಚ್.264 ಕೊಟ್ಟರೆ ಆ ಭಾರವೆಲ್ಲ ಸಿಪಿಯು ತಲೆ ಮೇಲೆ. ಫೈಲ್ ಬದಲಿಸಿದರೆ ಎಷ್ಟೋ ಸಲ ಬಿಸಿಯೂ ಇಳಿಯುತ್ತದೆ.

ಇಷ್ಟೆಲ್ಲ ಹೇಳಿದ ನಾನೂ ಒಮ್ಮೆ ಎಡವಿದ್ದೇನೆ. ಒಂದು ಪೈ ಕುಂಟುತ್ತಿತ್ತು. ದೊಡ್ಡ ಹೀಟ್‌ಸಿಂಕ್ ಹಾಕಿದೆ. ಆಮೇಲೆ ಅದಕ್ಕಿಂತ ದೊಡ್ಡದು ಹಾಕಿದೆ. ಆಗಲೂ ಕುಂಟಿತು. ಕೊನೆಗೆ ಥ್ರಾಟಲ್ ಸ್ಥಿತಿ ಕೇಳುವ ಆಜ್ಞೆ ಕೊಟ್ಟರೆ ಬಂದದ್ದು 50005. ಕೊನೆಯ 5 ಅಂದರೆ 4 ಮತ್ತು 1. 4 ಅಂದರೆ ಈಗ ಥ್ರಾಟಲ್ ಆಗಿದೆ. 1 ಅಂದರೆ ಈಗ ವೋಲ್ಟೇಜ್ ಸಾಲುತ್ತಿಲ್ಲ. ಮೊದಲ 5 ಹೇಳುವುದೂ ಅದನ್ನೇ, ಹಚ್ಚಿದಾಗಿನಿಂದ ಒಮ್ಮೆಯಾದರೂ ಆಗಿದೆ ಅಂತ. ಬಿಸಿ ಇದ್ದದ್ದು ಬರೀ 58 ಡಿಗ್ರಿ. 5 ವೋಲ್ಟ್ ಬರಬೇಕಾದ ಕಡೆ 4.63ಕ್ಕಿಂತ ಕೆಳಗಿಳಿದರೂ ಅದು ಕತ್ತು ಹಿಸುಕಿಕೊಳ್ಳುತ್ತದೆ. ಉದ್ದನೆಯ ತೆಳ್ಳಗಿನ ಕೇಬಲ್ ತೆಗೆದು ಗಿಡ್ಡನೆಯ ದಪ್ಪದ್ದು ಹಾಕಿದೆ, ಪಟ್ಟಿ ಸಲೀಸಾಗಿ ಹರಿಯಿತು. ಹೀಟ್‌ಸಿಂಕ್ ಎರಡೂ ಇನ್ನೂ ಡ್ರಾಯರಿನಲ್ಲಿವೆ.