ಆಲೂಗಡ್ಡೆಗೆ ಮಣ್ಣು ಎಷ್ಟು ಸಲ ಏರಿಸಬೇಕು? ಮಿನಿ ಟ್ರ್ಯಾಕ್ಟರ್ ಇರೋರ ಪ್ರಶ್ನೆಗೆ ಉತ್ತರ

ಪ್ರಶ್ನೆ: "ಸರ್, ಪುಣೆ ಜಿಲ್ಲೆಯ ಮಂಚರ್ ಹತ್ರ ಎರಡು ಎಕರೆ ಪಾಲಿಗೆ ಮಾಡ್ತಿದೀವಿ, ಈ ಸಲ ಆಲೂಗಡ್ಡೆ ಹಾಕಿದೀವಿ. ಮಿನಿ ಟ್ರ್ಯಾಕ್ಟರ್ ಇದೆ, ಮಣ್ಣು ಏರಿಸೋ ರಿಡ್ಜರ್ ಹೊಸದಾಗಿ ತಗೊಂಡಿದೀವಿ. ಬುಡಕ್ಕೆ ಎಷ್ಟು ಸಲ ಮಣ್ಣು ಏರಿಸಬೇಕು? ಏರಿಸಿದಷ್ಟೂ ಗಡ್ಡೆ ಜಾಸ್ತಿ ಬಿಡುತ್ತಂತೆ, ನಿಜಾನಾ?"

ಉತ್ತರ ಮೊದಲೇ ಹೇಳ್ಬಿಡ್ತೀನಿ, ಆಮೇಲೆ ಯಾಕೆ ಅಂತ ನೋಡೋಣ. ನಾಟಿ ಮಾಡಿ 25-30 ದಿನಕ್ಕೆ, ಗಿಡ ಒಂದು ಗೇಣು ಅಂದ್ರೆ 15-20 ಸೆಂ.ಮೀ ಬಂದಾಗ, ಎರಡನೇ ಕಂತು ಯೂರಿಯಾ ಕೊಟ್ಟು ಅದರ ಬೆನ್ನಿಗೇ ಒಂದ್ಸಲ ಚೆನ್ನಾಗಿ ಏರಿಸಿ. ಮಳೆಗೆ ಏರಿಸಿದ ಮಣ್ಣಿನ ಬದು ಕರಗಿ ಹೋಗಿದ್ರೆ ಅಥವಾ ಗಡ್ಡೆ ಹೊರಗೆ ಇಣುಕ್ತಿದ್ರೆ ಹತ್ತು ಹದಿನೈದು ದಿನ ಬಿಟ್ಟು ಇನ್ನೊಂದ್ಸಲ, ಅದೂ ಮೇಲ್ಮೇಲೆ. ಎರಡು ಸಾಲಿನ ಎಲೆ ಒಂದಕ್ಕೊಂದು ತಾಗಿದ ಮೇಲೆ ಟ್ರ್ಯಾಕ್ಟರ್ ಹೊಲಕ್ಕೆ ಇಳೀಬಾರದು. ಅಷ್ಟೇ. ಏರಿಸಿದಷ್ಟೂ ಗಡ್ಡೆ ಜಾಸ್ತಿ ಅನ್ನೋದು ಮಾತ್ರ ಸುಳ್ಳು.

ಜೂನ್-ಜುಲೈ ನಾಟಿಗೆ ಒಂದ್ಸಲ, ಅಕ್ಟೋಬರ್-ನವೆಂಬರ್ ನಾಟಿಗೆ ಇನ್ನೊಂದ್ಸಲ, ವರ್ಷಕ್ಕೆ ಎರಡು ಸೀಸನ್ ಇದೇ ಪ್ರಶ್ನೆ ಬರುತ್ತೆ. ಖೇಡ್, ಅಂಬೇಗಾಂವ್, ಜುನ್ನರ್ ಕಡೆ ಹೊಲ ಮಾಡ್ತಿರೋ ನಮ್ಮೋರು, ಪಿಂಪ್ರಿ-ಚಿಂಚ್‌ವಡದಲ್ಲಿ ಡ್ಯೂಟಿ ಮುಗಿಸಿ ಶನಿವಾರ ಸಂಜೆ ಹೊಲಕ್ಕೆ ಓಡೋ ಹುಡುಗರು, ಕೊನೆಗೆ ಕೋಥ್ರೂಡ್ ಟೆರೇಸ್ ಮೇಲೆ ಗೋಣಿಚೀಲದಲ್ಲಿ ಬೆಳೆಯೋ ಅಕ್ಕಂದಿರು, ಎಲ್ಲರೂ ಕೇಳ್ತಾರೆ, ಎಲ್ಲರಿಗೂ ಹೇಳಿದೀನಿ, ಮತ್ತೆ ಮುಂದಿನ ಸೀಸನ್‌ಗೆ ಅದೇ ಪ್ರಶ್ನೆ. ಹಾಗಾಗಿ ಈ ಸಲ ಬುಡದಿಂದಲೇ ಬಿಡಿಸಿ ಬರೀತೀನಿ, ದಯವಿಟ್ಟು ಪೂರ್ತಿ ಓದಿ.

ಒಂದು ಗಿಡ ಕಿತ್ತು ನೋಡಿ. ನಾಟಿ ಮಾಡಿ ಒಂದು ತಿಂಗಳಾದ ಗಿಡ, ಹುಷಾರಾಗಿ ಮಣ್ಣು ಸರಿಸಿ ನೋಡಿದ್ರೆ ನೀವು ಹಾಕಿದ ಬಿತ್ತನೆ ಗಡ್ಡೆ ಕೆಳಗಿರುತ್ತೆ, ಅದರಿಂದ ಕಾಂಡ ಮೇಲೆ ಬಂದಿರುತ್ತೆ, ಆ ಕಾಂಡ ಮಣ್ಣೊಳಗೆ ಇರೋ ಭಾಗದಲ್ಲಿ ಗೆಣ್ಣುಗಳಿರುತ್ವೆ, ಆ ಗೆಣ್ಣಿನಿಂದ ಬಿಳೀ ಎಳೆಗಳು ಅಡ್ಡಡ್ಡ ಹೊರಟಿರುತ್ವೆ. ಅದೇ ಸ್ಟೋಲನ್. ಬೇರಲ್ಲ, ಕಾಂಡದ್ದೇ ಕವಲು. ಅದರ ತುದಿ ಊದಿಕೊಂಡಿದ್ದೇ ಆಲೂಗಡ್ಡೆ. ಈಗ ಗಮನ ಇಟ್ಟು ನೋಡಿ, ಈ ಎಳೆಗಳಲ್ಲಿ ಹೆಚ್ಚಿನವು ಎಲ್ಲಿಂದ ಹೊರಟಿವೆ? ಕೆಳಗಿನ ಗೆಣ್ಣುಗಳಿಂದ, ಬಿತ್ತನೆ ಗಡ್ಡೆಗೆ ಹತ್ತಿರದಲ್ಲಿ. ನೀವು ರಿಡ್ಜರ್ ಇಳಿಸೋ ಹೊತ್ತಿಗೆ ಗಿಡ ತನ್ನ ಲೆಕ್ಕ ಹೆಚ್ಚುಕಡಿಮೆ ಮುಗಿಸಿರುತ್ತೆ, ಎಳೆಗಳ ತುದಿಯಲ್ಲಿ ಗಡ್ಡೆ ಕಟ್ಟೋಕೆ ಶುರುವಾಗಿರುತ್ತೆ.

ಇಲ್ಲಿ ಕೆಲವರು ಅಡ್ಡ ಪ್ರಶ್ನೆ ಹಾಕ್ತಾರೆ, ಮಣ್ಣೊಳಗಿನ ಯಾವ ಗೆಣ್ಣಿನಿಂದ ಬೇಕಾದ್ರೂ ಸ್ಟೋಲನ್ ಬರಬಹುದಲ್ವಾ, ಇನ್ನಷ್ಟು ಗೆಣ್ಣು ಮುಚ್ಚಿದ್ರೆ ಇನ್ನಷ್ಟು ಬರಲ್ವಾ ಅಂತ. ಒಳ್ಳೇ ಪ್ರಶ್ನೆ. ಬರಬಹುದು, ಒಂದೆರಡು ಬರುತ್ತೆ ಕೂಡ. ಆದ್ರೆ ತಡವಾಗಿ ಬರುತ್ತೆ, ಅಷ್ಟೊತ್ತಿಗೆ ಕೆಳಗಿನ ಗಡ್ಡೆಗಳು ಎಲೆ ಮಾಡಿದ ಆಹಾರ ಎಳಕೊಳ್ಳೋಕೆ ಶುರು ಮಾಡಿರುತ್ವೆ, ಮೇಲಿನದಕ್ಕೆ ಸಿಗೋದು ಉಳಿದದ್ದು. ನಾವಿಲ್ಲಿ ಹಾಕೋದು ಕುಫ್ರಿ ಪುಖರಾಜ್, ಕುಫ್ರಿ ಜ್ಯೋತಿ ಥರದ ಮೂರು ತಿಂಗಳ ಆಸುಪಾಸಿನ ಬೆಳೆ. ಆ ತಡವಾದ ಎಳೆ ಗಡ್ಡೆ ಕಟ್ಟಿ ದಪ್ಪ ಆಗೋಕೆ ಟೈಮೇ ಇಲ್ಲ. ಕೀಳುವಾಗ ಗೋಲಿ ಗಾತ್ರದ್ದು ನಾಲ್ಕು ಸಿಕ್ಕಿದ್ರೆ ಚಾಕಣ್ ಮಾರ್ಕೆಟ್‌ನಲ್ಲಿ ಅದನ್ನ ಯಾರು ತಗೋತಾರೆ?

ಗಡ್ಡೆ ಎಷ್ಟು ಅನ್ನೋದನ್ನ ನಿಜವಾಗಿ ತೀರ್ಮಾನ ಮಾಡೋದು ಬೇರೆ ಸಂಗತಿಗಳು. ಒಂದು ಬಿತ್ತನೆ ಗಡ್ಡೆಯಿಂದ ಎಷ್ಟು ಕಾಂಡ ಎದ್ದಿದೆ, ಅಂದ್ರೆ ಎಷ್ಟು ಕಣ್ಣು ಮೊಳೆತಿದೆ, ಬಿತ್ತನೆ ಗಾತ್ರ ಎಷ್ಟಿತ್ತು. ಗಡ್ಡೆ ಕಟ್ಟೋ ಆ ಎರಡು ವಾರ ಮಣ್ಣಲ್ಲಿ ಹದವಾದ ತೇವ ಇತ್ತಾ. ರಾತ್ರಿ ತಂಪಿತ್ತಾ. ಆಲೂಗಡ್ಡೆಗೆ 15-20 ಡಿಗ್ರಿ ಹಿತ, ಮಣ್ಣು 30 ದಾಟಿದ್ರೆ ಗಡ್ಡೆ ಕಟ್ಟೋದೇ ನಿಂತುಹೋಗುತ್ತೆ. ಇದರಲ್ಲಿ ಯಾವುದನ್ನೂ ರಿಡ್ಜರ್ ಸರಿ ಮಾಡಲ್ಲ.

ಈ ನಂಬಿಕೆ ಎಲ್ಲಿಂದ ಬಂತು ಅಂತ ನಾನು ಬಹಳ ಯೋಚನೆ ಮಾಡಿದೀನಿ. ನನಗನ್ಸೋದು, ಶೇಂಗಾದಿಂದ. ನಮ್ಮ ಬೆಳಗಾವಿ-ಧಾರವಾಡ ಕಡೆಯಿಂದ ಬಂದೋರಿಗೆ ಶೇಂಗಾ ಗೊತ್ತು. ಅಲ್ಲಿ ಹೂವು ಮೇಲೆ ಬಿಡುತ್ತೆ, ಊಡು ಅಂದ್ರೆ ಹೂವಿನ ಬುಡದ ಎಳೆ ಇಳಿದು ಮಣ್ಣಿಗೆ ಚುಚ್ಚಿಕೊಂಡು ಕಾಯಿ ಕಟ್ಟುತ್ತೆ, ಬುಡದಲ್ಲಿ ಸಡಿಲ ಮಣ್ಣು ಸಿಕ್ಕಿದ್ರೆ ನಿಜವಾಗ್ಲೂ ಕಾಯಿ ಜಾಸ್ತಿ. ಅದೇ ಲೆಕ್ಕ ತಂದು ಆಲೂಗಡ್ಡೆಗೆ ಹಾಕ್ತಾರೆ. ಆದ್ರೆ ಆಲೂಗಡ್ಡೆ ಮೇಲಿಂದ ಇಳಿಯೋದಲ್ಲ, ಒಳಗೇ ಹುಟ್ಟೋದು. ಇನ್ನು ಕೆಲವರು ಕಬ್ಬಿನ ಉದಾಹರಣೆ ಕೊಡ್ತಾರೆ, ಇಲ್ಲಿಯ ರೈತರು ಕಬ್ಬಿಗೆ ಭರ್ಜರಿ ಮಣ್ಣು ಏರಿಸ್ತಾರಲ್ಲ ಅಂತ. ಕಬ್ಬಿಗೆ ಏರಿಸೋದು ಗಾಳಿಗೆ ಬೀಳದಿರಲಿ, ತಡವಾಗಿ ಮರಿ ಒಡೆಯದಿರಲಿ ಅಂತ. ಅಲ್ಲೂ ಸಂಖ್ಯೆ ಹೆಚ್ಚಿಸೋಕಲ್ಲ!

ಆಮೇಲೆ ಆ ವಿಡಿಯೋಗಳು. ಟೈರ್ ಮೇಲೆ ಟೈರ್ ಪೇರಿಸಿ, ಗಿಡ ಬೆಳೆದ ಹಾಗೆ ಮಣ್ಣು ತುಂಬಿ, ಕೊನೆಗೆ ಸುರಿದ್ರೆ ಅಂತಸ್ತು ಅಂತಸ್ತಾಗಿ ಆಲೂಗಡ್ಡೆ ಉದುರುತ್ತೆ ಅಂತ ತೋರಿಸ್ತಾರೆ. ಟೆರೇಸ್ ಅಕ್ಕಂದಿರೇ, ನಿಮಗೂ ಇದೇ ಉತ್ತರ. ನೀವು ಚೀಲ ಸುರಿದಾಗ ಗಡ್ಡೆ ಎಲ್ಲಿತ್ತು ಅಂತ ನೆನಪು ಮಾಡ್ಕೊಳ್ಳಿ, ತಳದ ಒಂದು ಗೇಣಲ್ಲಿ ಇತ್ತು, ಮೇಲಿನ ಮಣ್ಣೆಲ್ಲ ಖಾಲಿ. ಅಷ್ಟು ಮಣ್ಣು ಲಿಫ್ಟ್‌ನಲ್ಲಿ ಹೊತ್ತು ಹಾಕಿದ್ದು ದಂಡ. ಸಾಲದ್ದಕ್ಕೆ ಗಿಡದ ಎಲೆ ಬೇರೆ ಮಣ್ಣಲ್ಲಿ ಮುಚ್ಚಿರ್ತೀರಿ. ಎಲೆ ಮುಚ್ಚಿದ್ರೆ ಬಿಸಿಲು ಹಿಡಿಯೋರು ಯಾರು, ಗಡ್ಡೆಗೆ ಪಿಷ್ಟ ಕಳಿಸೋರು ಯಾರು? ಹೊಲದಲ್ಲೂ ಅಷ್ಟೇ, ಮಣ್ಣು ಕಾಂಡಕ್ಕೆ ತಾಗಬೇಕು, ಕೆಳಗಿನ ಒಂದೆರಡು ಎಲೆ ಹೋದ್ರೆ ಹೋಗ್ಲಿ, ಗಿಡದ ತಲೆ ಹೂಳಬೇಡಿ.

ನನ್ನ ಮಾತು ನಂಬಬೇಡಿ, ನಿಮ್ಮ ಹೊಲದಲ್ಲೇ ನೋಡಿ. ನಾಲ್ಕು ಸಾಲಿಗೆ ಒಂದೇ ಸಲ ಏರಿಸಿ, ಪಕ್ಕದ ನಾಲ್ಕಕ್ಕೆ ಮೂರು ಸಲ ಏರಿಸಿ. ಕೀಳುವಾಗ ಎರಡೂ ಕಡೆ ಹತ್ತತ್ತು ಗಿಡದ ಗಡ್ಡೆ ಎಣಿಸಿ, ತೂಗಿ. ಮೂರನೇ ಸಲ ತಡವಾಗಿ ಏರಿಸಿದ ಸಾಲಲ್ಲಿ ತೂಕ ಇಳಿದಿದ್ರೂ ಆಶ್ಚರ್ಯ ಪಡಬೇಡಿ, ಯಾಕಂದ್ರೆ ರಿಡ್ಜರ್ ಕುಳ ಆ ಹೊತ್ತಿಗೆ ಅಡ್ಡ ಹರಡಿರೋ ಬೇರು, ಸ್ಟೋಲನ್ ಎಲ್ಲ ಕತ್ತರಿಸಿಕೊಂಡು ಹೋಗಿರುತ್ತೆ.

ಹಾಗಾದ್ರೆ ಮಣ್ಣು ಏರಿಸೋದೇ ಯಾಕೆ? ಕಟ್ಟಿದ ಗಡ್ಡೆ ಮಾರೋ ಹಾಗೆ ಉಳೀಲಿ ಅಂತ. ಬೆಳಕು ಬಿದ್ರೆ ಹಸಿರಾಗುತ್ತೆ, ಚಿಪ್ಸ್ ಕಂಪನಿ ಜೊತೆ ಕರಾರು ಇರೋ ಸಾತಗಾಂವ್ ಪಠಾರದ ರೈತರನ್ನ ಕೇಳಿ, ಹಸಿರು ಗಡ್ಡೆ ಗೇಟಲ್ಲೇ ವಾಪಸ್. ಎರಡನೇದು ಗಡ್ಡೆ ಕೊರೆಯೋ ಪತಂಗ. ಇದು 1906ರಲ್ಲಿ ಇಟಲಿಯಿಂದ ತರಿಸಿದ ಬಿತ್ತನೆ ಜೊತೆ ಆಗಿನ ಮುಂಬಯಿ ಪ್ರಾಂತ್ಯಕ್ಕೆ ಬಂದ ಪೀಡೆ, ಇವತ್ತಿಗೂ ಬಿಟ್ಟಿಲ್ಲ. ಮಣ್ಣಿನ ಬಿರುಕಲ್ಲಿ ಕಾಣೋ ಗಡ್ಡೆಯ ಕಣ್ಣಿನ ಹತ್ರ ಮೊಟ್ಟೆ ಇಡುತ್ತೆ, ಹುಳ ಒಳಗೆ ಸುರಂಗ ಕೊರೆಯುತ್ತೆ. ಗಡ್ಡೆ ಮೇಲೆ ಬಿರುಕಿಲ್ಲದ ಮಣ್ಣು ದಪ್ಪಗಿದ್ರೆ ಅದಕ್ಕೆ ದಾರಿ ಇಲ್ಲ. ಮೂರನೇದು ಅಂಗಮಾರಿ, ಹಾಸನದ ರೈತರಿಗೆ ಅದೇನು ಅಂತ ಹೇಳಿಕೊಡಬೇಕಿಲ್ಲ. ಎಲೆ ಮೇಲಿನ ಈ ರೋಗ ಮಳೆನೀರಿನ ಜೊತೆ ಇಳಿದು ಗಡ್ಡೆಗೆ ತಾಗದಂತೆ ಬದು ತಡೆಯುತ್ತೆ. ಜೊತೆಗೆ ಕಳೆ ಸಾಯುತ್ತೆ, ಮಳೆಗಾಲದಲ್ಲಿ ನೀರು ಬುಡದಲ್ಲಿ ನಿಲ್ಲಲ್ಲ, ಕೀಳೋದೂ ಸುಲಭ.

ಇಷ್ಟಕ್ಕೆ ಬೇಕಾಗಿರೋದು ಎತ್ತರದ ಚೂಪು ಬದು ಅಲ್ಲ, ಅಗಲವಾದ ಬದು. ಗಡ್ಡೆ ಹಸಿರಾಗೋದು ನೆತ್ತೀಲಿ ಕಮ್ಮಿ, ಪಕ್ಕದ ಇಳಿಜಾರಲ್ಲಿ ಜಾಸ್ತಿ, ಯಾಕಂದ್ರೆ ಸ್ಟೋಲನ್ ಅಡ್ಡ ಓಡುತ್ತೆ. ಎರಡು ಬದುವಿನ ನಡುವಿನ ತಗ್ಗಿನಿಂದ ನೆತ್ತಿಗೆ 20-25 ಸೆಂ.ಮೀ ಇದ್ರೆ ಸಾಕು, ನೆತ್ತಿ ಅಗಲ ಇರಲಿ.

ಈಗ ಟ್ರ್ಯಾಕ್ಟರ್ ವಿಷಯ, ನಿಜವಾದ ಕಷ್ಟ ಇರೋದು ಇಲ್ಲಿ, ಆದ್ರೆ ಇದನ್ನ ಯಾರೂ ಕೇಳಲ್ಲ. ಮೊದಲು ಟೇಪ್ ಹಿಡಿದು ಹಿಂದಿನ ಗಾಲಿಗಳ ನಡುಮಧ್ಯದಿಂದ ನಡುಮಧ್ಯಕ್ಕೆ ಅಳೆಯಿರಿ. ಅದು 120 ಸೆಂ.ಮೀ ಇದ್ರೆ 60 ಸೆಂ.ಮೀ ಅಂತರದ ಸಾಲು ಎರಡು ಹೊಟ್ಟೆ ಕೆಳಗೆ ಬರುತ್ತೆ, ಗಾಲಿ ಸರಿಯಾಗಿ ಬದುಗಳ ನಡುವಿನ ತಗ್ಗಲ್ಲಿ ಓಡುತ್ತೆ. 75-80 ಇದ್ರೆ ಅಷ್ಟೇ ಅಂತರಕ್ಕೆ ನಾಟಿ ಮಾಡಿ, ಒಂದೇ ಸಾಲು ಹೊಟ್ಟೆ ಕೆಳಗೆ. 90 ಇಟ್ಕೊಂಡು 60ರ ಸಾಲಿಗೆ ಇಳಿದ್ರೆ ಎಲ್ಲಿ ಹಿಡಿದ್ರೂ ಒಂದು ಗಾಲಿಯಾದ್ರೂ ಗಿಡದಿಂದ 15 ಸೆಂ.ಮೀ ಒಳಗೇ, ಅಂದ್ರೆ ಬದುವಿನ ಹೆಗಲ ಮೇಲೇ ಹೋಗುತ್ತೆ, ಗಡ್ಡೆ ಕಟ್ಟೋ ಜಾಗವನ್ನೇ ತುಳಿದು ಗಟ್ಟಿ ಮಾಡುತ್ತೆ. ಬಹಳಷ್ಟು ಟ್ರ್ಯಾಕ್ಟರಲ್ಲಿ ಹಿಂದಿನ ರಿಮ್ ತಿರುಗಿಸಿ ಹಾಕಿ ಅಂತರ ಬದಲಿಸಬಹುದು, ಮೆಕ್ಯಾನಿಕ್ ಹತ್ರ ಕೇಳಿ, ಮುಂದಿನ ಗಾಲಿಯನ್ನೂ ಅದಕ್ಕೆ ಹೊಂದಿಸಿ. ಇದೆಲ್ಲ ನಾಟಿಗೆ ಮುಂಚೆ ಆಗಬೇಕಾದ ಕೆಲಸ. ಕೈಯಲ್ಲಿ ನಾಟಿ ಮಾಡಿ ತಿಂಗಳಾದ ಮೇಲೆ ಟ್ರ್ಯಾಕ್ಟರ್ ಇಳಿಯಲ್ಲ ಅಂದ್ರೆ ನಾನೇನು ಹೇಳ್ಲಿ? ಆ ಬೆಳೆಗೆ ಪವರ್ ವೀಡರ್ ಬಾಡಿಗೆಗೆ ತಗೊಳ್ಳಿ, ಸಾಲಿನ ನಡುವೆ ನಡ್ಕೊಂಡು ಹೋಗಬಹುದು.

ಎರಡನೇದು, ಗಾಲಿ ಓಡಿದ ಜಾಗ ಗಟ್ಟಿ ಆಗಿರುತ್ತೆ, ಗಟ್ಟಿ ಮಣ್ಣನ್ನ ರಿಡ್ಜರ್ ಏರಿಸಲ್ಲ, ಹೆಂಟೆ ಎತ್ತಿ ಗಿಡದ ಮೇಲೆ ಒಗೀತದೆ. ಅದಕ್ಕೆ ಟೂಲ್‌ಬಾರಿನಲ್ಲಿ, ಅಂದ್ರೆ ರಿಡ್ಜರ್ ಕಟ್ಟೋ ಅಡ್ಡಪಟ್ಟಿಯಲ್ಲಿ, ಪ್ರತಿ ರಿಡ್ಜರ್ ಮುಂದೆ ಒಂದು ಸಣ್ಣ ಕಲ್ಟಿವೇಟರ್ ಹಲ್ಲು ಹಾಕಿ, ಅದು ಮೊದಲು ಮಣ್ಣು ಸಡಿಲ ಮಾಡ್ಲಿ, ಹಿಂದಿನಿಂದ ರಿಡ್ಜರ್ ರೆಕ್ಕೆ ಆ ಪುಡಿಮಣ್ಣನ್ನ ಎರಡೂ ಕಡೆ ತಳ್ಳಲಿ. ಇದೊಂದು ಮಾಡಿದ್ರೆ ಕೆಲಸದ ಅಂದವೇ ಬೇರೆ, ಪಕ್ಕದ ಹೊಲದ ಕಾಕಾ ಹೊಲದ ಅಂಚಲ್ಲಿ ನಿಂತು ನೋಡ್ತಾರೆ. ಟಾಪ್ ಲಿಂಕ್ (ಟ್ರ್ಯಾಕ್ಟರ್‌ಗೆ ರಿಡ್ಜರ್ ಜೋಡಿಸೋ ಮೇಲಿನ ಕೊಂಡಿ) ಉದ್ದ ಮಾಡಿದ್ರೆ ಕುಳದ ಮೂತಿ ಮೇಲೆದ್ದು ಆಳ ಕಮ್ಮಿ ಆಗುತ್ತೆ, ಗಿಡ್ಡ ಮಾಡಿದ್ರೆ ಮೂತಿ ಚುಚ್ಚುತ್ತೆ. ಮೊದಲ ಸಲ ಸ್ವಲ್ಪ ಆಳ ನಡೆಯುತ್ತೆ, ಎರಡನೇ ಸಲಕ್ಕೆ ಮೇಲೆ ಮಾಡಿ, ಇಲ್ಲಾಂದ್ರೆ ಬೇರು ಹರೀತೀರಿ. ಅಕ್ಕಪಕ್ಕ ಅಲ್ಲಾಡದ ಹಾಗೆ ಚೆಕ್ ಚೈನ್ ಬಿಗಿ ಮಾಡಿ, ಲೋ ಗೇರಲ್ಲಿ ನಡಿಗೆಗಿಂತ ಜೋರು ಬೇಡ. ರೆಕ್ಕೆ ಬದಲು ಡಿಸ್ಕ್ ಹಾಕೋರು ಇನ್ನೂ ಹುಷಾರು, ವೇಗ ಹೆಚ್ಚಿದ ಹಾಗೆ ಡಿಸ್ಕ್ ಮಣ್ಣನ್ನ ದೂರ ಎಸೆಯುತ್ತೆ, ಗಿಡ ಮುಚ್ಚಿಹೋಗುತ್ತೆ.

ಮಣ್ಣು ಹದಕ್ಕೆ ಬಂದ ಮೇಲೇ ಇಳಿಯಿರಿ. ಮುಷ್ಟಿಯಲ್ಲಿ ಒತ್ತಿ ಬಿಟ್ರೆ ಉಂಡೆ ಆಗಿ ಬೆರಳು ತಾಗಿಸಿದ್ರೆ ಒಡೀಬೇಕು. ರಜೆ ಇರೋದು ಭಾನುವಾರ ಅಂತ ಕೆಸರಲ್ಲಿ ಟ್ರ್ಯಾಕ್ಟರ್ ಇಳಿಸಿದ್ರೆ ಆ ಹೆಂಟೆ ಕೀಳೋವರೆಗೂ ಕಾಡುತ್ತೆ. ಒಂದು ದಿನ ಕಂಪನಿಗೆ ರಜೆ ಹಾಕಿ. ಅಂಗಮಾರಿ ಹವೆಯಲ್ಲಿ, ಎಲೆ ಒದ್ದೆ ಇದ್ದಾಗಲೂ ಬೇಡ, ಗಾಲಿ ಮತ್ತು ರೆಕ್ಕೆ ರೋಗವನ್ನ ಸಾಲಿಂದ ಸಾಲಿಗೆ ಹೊತ್ತು ತಿರುಗುತ್ತೆ.

ಹಸಿರು ಗಡ್ಡೆ ಅಂದೆನಲ್ಲ, ಅದರ ಬಗ್ಗೆ ಒಂದು ಮಾತು, ಇದು ಹೊಲ ಇಲ್ಲದೋರಿಗೂ ಬೇಕಾಗಿದ್ದು. ಹಸಿರು ಬಣ್ಣ ಎಲೆ ಹಸಿರೇ, ಅದರಿಂದ ತೊಂದರೆ ಇಲ್ಲ. ಆದ್ರೆ ಅದೇ ಬೆಳಕಿಗೆ ಗಡ್ಡೆ ಸೊಲನಿನ್, ಚಾಕೊನಿನ್ ಅನ್ನೋ ವಿಷವನ್ನೂ ಹೆಚ್ಚು ಮಾಡ್ಕೊಳ್ಳುತ್ತೆ, ಕಹಿ ಆಗುತ್ತೆ. 100 ಗ್ರಾಂ ಹಸಿ ಗಡ್ಡೆಗೆ 20 ಮಿಲಿಗ್ರಾಂ ಒಳಗಿದ್ರೆ ಮಾತ್ರ ಊಟಕ್ಕೆ ಸರಿ ಅಂತ ಸಾಮಾನ್ಯ ಲೆಕ್ಕ. ಕುಕ್ಕರ್‌ನಲ್ಲಿ ಎಷ್ಟು ಸೀಟಿ ಹೊಡೆಸಿದ್ರೂ ಹೋಗಲ್ಲ. ಸಣ್ಣ ಕಲೆ ಇದ್ರೆ ಸಿಪ್ಪೆ ದಪ್ಪಗೆ ಕೆತ್ತಿ ಬಳಸಿ, ಪೂರ್ತಿ ಹಸಿರು ಅಥವಾ ಕಹಿ ಇದ್ರೆ ಎಸೀರಿ, ಮಕ್ಕಳಿಗಂತೂ ಬೇಡ. ಕಿತ್ತ ಮೇಲೂ ಹಸಿರಾಗುತ್ತೆ, ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ಜಾಳಿಗೆ ಚೀಲದಲ್ಲಿ ದಿನಗಟ್ಟಲೆ ಕೂತ ಗಡ್ಡೆ ನೋಡಿ ತಗೊಳ್ಳಿ, ಮನೇಲಿ ಕತ್ತಲೆ ಜಾಗದಲ್ಲಿಡಿ.

ಹಸಿರಾದ ಗಡ್ಡೆ ಬಿತ್ತನೆಗೆ ಆಗುತ್ತಾ ಅಂದ್ರೆ, ಆಗುತ್ತೆ. ಬೆಳಕಲ್ಲಿ ಮೊಳೆತ ಗಡ್ಡೆಯ ಮೊಳಕೆ ಗಿಡ್ಡ, ದಪ್ಪ, ಸುಲಭಕ್ಕೆ ಮುರಿಯಲ್ಲ, ಅದಕ್ಕೇ ಬಿತ್ತನೆ ಗಡ್ಡೆಯನ್ನ ನೇರ ಬಿಸಿಲು ತಾಗದ ಮಂದ ಬೆಳಕಲ್ಲಿ ಹರಡಿ ಇಡ್ತಾರೆ. ಟೆರೇಸ್ ಚೀಲಕ್ಕೆ, ಹಿತ್ತಲಿಗೆ ಧಾರಾಳವಾಗಿ ಹಾಕಿ. ಎರಡು ಎಕರೆಗೆ ಮಾತ್ರ ಮನೆ ಬಿತ್ತನೆ ನೆಚ್ಚಬೇಡಿ, ನಮ್ಮ ಈ ಹವೆಯಲ್ಲಿ ಗಿಡದ ಹೇನು ಜಾಸ್ತಿ, ಅದು ವೈರಸ್ ಅಂಟಿಸುತ್ತೆ, ಎರಡು ಮೂರು ಬೆಳೆಯಲ್ಲಿ ಇಳುವರಿ ಕುಸಿಯುತ್ತೆ. ಮಂಚರ್‌ಗೆ ಪಂಜಾಬಿಂದ ಲೋಡುಗಟ್ಟಲೆ ಬಿತ್ತನೆ ಬರೋದು ಅದಕ್ಕೇ.