ಮೈಮರೆತ ಮನಸ್ಸಿಗೆ ಅಂಕ ಕೊಟ್ಟ 28 ಪ್ರಶ್ನೆಗಳು

ಬಸ್ಸಿನಲ್ಲಿ ಕೂತು ಊರು ಮುಟ್ಟಿದ ಮೇಲೆ, ನಡುವಿನ ದಾರಿ ನೆನಪೇ ಇಲ್ಲ ಅನಿಸುವುದು ಎಷ್ಟೋ ಜನರಿಗೆ ಆಗುತ್ತದೆ. ಕನ್ನಡಿಯಲ್ಲಿರುವ ಮುಖ ತನ್ನದಲ್ಲ ಅನಿಸುವುದು ಮಾತ್ರ ಭಯ ಹುಟ್ಟಿಸುವ ಅನುಭವ. ಈ ಎರಡೂ, ಡಿಸೋಸಿಯೇಶನ್ ಅನ್ನುವ ಮನಸ್ಸಿನ ಸ್ಥಿತಿಯನ್ನು ಅಳೆಯುವ ಒಂದೇ ಪ್ರಶ್ನಾವಳಿಯಲ್ಲಿವೆ. ಎರಡರ ಅಂಕವೂ ಒಂದೇ ಸರಾಸರಿಗೆ ಸೇರುತ್ತದೆ.

ಆಘಾತಕ್ಕೆ ಸಿಕ್ಕ ಮನಸ್ಸಿನ ಒಂದು ಭಾಗ ಉಳಿದದ್ದರಿಂದ ಕಳಚಿಕೊಳ್ಳುತ್ತದೆ ಎಂದು ಫ್ರಾನ್ಸಿನ ಮನೋವಿಜ್ಞಾನಿ ಪಿಯರ್ ಜಾನೆ 1889ರಲ್ಲೇ ಬರೆದಿದ್ದರು. ಇದನ್ನೇ ಡಿಸೋಸಿಯೇಶನ್ ಅನ್ನುತ್ತಾರೆ. ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಇಂಥ ಕಾಯಿಲೆಗಳಿಗೆ ಪ್ರತ್ಯೇಕ ಗುಂಪು ಸಿಕ್ಕಿದ್ದು 1980ರಲ್ಲಿ. 1986ರಲ್ಲಿ ಅಮೆರಿಕದ ಸಂಶೋಧಕರಾದ ಈವ್ ಬರ್ನ್‌ಸ್ಟೈನ್ ಮತ್ತು ಫ್ರಾಂಕ್ ಪಟ್ನಮ್ ಮೇಲೆ ಹೇಳಿದ ಪ್ರಶ್ನಾವಳಿಯನ್ನು, ಅಂದರೆ 28 ಪ್ರಶ್ನೆಗಳ ಅಳತೆಗೋಲನ್ನು, ಪ್ರಕಟಿಸಿದರು. ಪ್ರತಿ ಪ್ರಶ್ನೆಗೂ 100 ಮಿಲಿಮೀಟರ್ ಉದ್ದದ ಒಂದು ಗೆರೆ. ಅನುಭವ ಎಷ್ಟು ಸಲ ಆಗುತ್ತದೆ ಅಂತ ಅದರ ಮೇಲೆ ಗುರುತು ಹಾಕಬೇಕು. ಸುಲಭವಾಗಿತ್ತು, ಬೇಗ ಹಬ್ಬಿತು.

ಆದರೆ ಅದಕ್ಕೂ ಮೊದಲೇ, 1974ರಲ್ಲಿ, ಮನೋವಿಜ್ಞಾನಿಗಳಾದ ಔಕೆ ಟೆಲ್ಲೆಗೆನ್ ಮತ್ತು ಗಿಲ್ಬರ್ಟ್ ಅಟ್ಕಿನ್ಸನ್ ತನ್ಮಯತೆಯನ್ನು ಅಳೆಯಲು ಹೊರಟಿದ್ದರು. ಯಾರು ಸುಲಭವಾಗಿ ಹಿಪ್ನಾಟಿಸಂಗೆ ಒಳಗಾಗುತ್ತಾರೆ ಅನ್ನುವುದು ಅವರ ಕುತೂಹಲ. ಸಂಗೀತ ಕೇಳುತ್ತಾ ಸುತ್ತಲಿನದನ್ನು ಮರೆಯುವುದು ಅವರ ಕಣ್ಣಿಗೆ ಒಂದು ಸ್ವಭಾವ, ಕಾಯಿಲೆಯಲ್ಲ. ಮುಂದೆ 28 ಪ್ರಶ್ನೆಗಳನ್ನು ಬಿಡಿಸಿ ನೋಡಿದಾಗ ಹಲವು ಅಧ್ಯಯನಗಳಲ್ಲಿ ಮೂರು ಗುಂಪು ಕಂಡವು: ತನ್ಮಯತೆ, ನೆನಪು ಕಳೆದುಹೋಗುವುದು, ತಾನು ತಾನಲ್ಲ ಅನಿಸುವುದು. ಹಾಗಾದರೆ ಕಲ್ಪನೆಯಲ್ಲಿ ಮುಳುಗುವ, ಹೊಸ ಅನುಭವಕ್ಕೆ ಮನಸ್ಸು ತೆರೆದಿಡುವ ಆರೋಗ್ಯವಂತರಿಗೂ ಅಂಕ ಜಾಸ್ತಿ ಬರಬಹುದಲ್ವಾ? ಬೇಗ ಕಳವಳಗೊಳ್ಳುವ ಗುಣಕ್ಕೂ ಈ ಅಂಕಕ್ಕೂ ನಂಟು ಕಂಡಿದೆ.

ಇದನ್ನೇ ಹಿಡಿದು, ರೋಗಿಗಳು ಹೇಳುವ ಆಘಾತವೆಲ್ಲ ಕಲ್ಪನೆ ಅನ್ನುವವರೂ ಇದ್ದಾರೆ. ಅದು ಅನ್ಯಾಯ. ಕಲ್ಪನಾಶಕ್ತಿ ಇರುವವರಿಗೂ ಆಘಾತ ಆಗುತ್ತದೆ. 1996ರಲ್ಲಿ ಮನೋವಿಜ್ಞಾನಿ ನೀಲ್ಸ್ ವಾಲರ್, ಪಟ್ನಮ್ ಜೊತೆ ಸೇರಿ, ಆ 28ರಲ್ಲಿ ಕಾಯಿಲೆಯ ಕಡೆಗೆ ಬೆರಳು ತೋರುವ ಎಂಟು ಪ್ರಶ್ನೆಗಳನ್ನು ಬೇರ್ಪಡಿಸಿದರು. ತನ್ಮಯತೆಯ ಪ್ರಶ್ನೆಗಳನ್ನು ಬದಿಗಿಟ್ಟರು. ನನಗೆ ಇದು ತುಂಬ ದೊಡ್ಡ ಹೆಜ್ಜೆ ಅನಿಸುತ್ತದೆ.

ನಮ್ಮ ಕಡೆ ಇನ್ನೊಂದು ತೊಡಕಿದೆ. ನಿಮ್ಹಾನ್ಸ್‌ನಂಥ ಆಸ್ಪತ್ರೆಗೆ ಬರುವವರಲ್ಲಿ ಡಿಸೋಸಿಯೇಶನ್ ಹೆಚ್ಚಾಗಿ ಮೈಯಲ್ಲೇ ಕಾಣುತ್ತದೆ: ಫಿಟ್ಸ್‌ನಂತೆ ಬೀಳುವುದು, ಕೈಕಾಲು ಆಡದಿರುವುದು. ಈ 28ರಲ್ಲಿ ಅದರ ಪ್ರಶ್ನೆಯೇ ಇಲ್ಲ. ಮೈಯ ಲಕ್ಷಣಗಳಿಗೆಂದೇ ನೆದರ್‌ಲ್ಯಾಂಡ್ಸ್‌ನ ಎಲ್ಲರ್ಟ್ ನೈಯನ್‌ಹೌಸ್ ತಂಡ 1996ರಲ್ಲಿ 20 ಪ್ರಶ್ನೆಗಳ ಬೇರೆ ಪಟ್ಟಿ ಮಾಡಿತು. ಫಿಟ್ಸ್ ಬಂದಂತೆ ಬೀಳುವ ಹುಡುಗಿಗೆ ಹಳೆಯ ಪ್ರಶ್ನಾವಳಿಯೊಂದನ್ನೇ ಕೊಟ್ಟರೆ, ಅಂಕ ಕಡಿಮೆ ಬಂದು ಅವಳ ಕಷ್ಟ ಯಾರಿಗೂ ಕಾಣದೇ ಹೋಗಬಹುದು.