ಬೋರ್ಡ್ ಹಾಕಿದರೂ ಕಸ ಬೇರೆಯಾಗುತ್ತಿಲ್ಲ, ಏನು ಮಾಡೋಣ?

ಪ್ರಶ್ನೆ: ಮಡಿಕೇರಿ ಹತ್ತಿರ ನಮ್ಮದು 12 ಕೋಣೆಗಳ ರೆಸಾರ್ಟ್. 22 ಜನ ಕೆಲಸಕ್ಕಿದ್ದಾರೆ. ಹಸಿ ಕಸ, ಒಣ ಕಸ ಬೇರೆ ಮಾಡಿ, ಕರೆಂಟ್ ಉಳಿಸಿ ಅಂತ ಬೋರ್ಡ್ ಹಾಕಿದೆವು, ಮೀಟಿಂಗ್ ಮಾಡಿದೆವು. ಹದಿನೈದು ದಿನ ಚೆನ್ನಾಗಿ ನಡೆಯುತ್ತದೆ, ಆಮೇಲೆ ಮತ್ತೆ ಮೊದಲಿನ ಹಾಗೇ. ಕೆಲಸದವರನ್ನು ಇದರಲ್ಲಿ ನಿಜವಾಗಿ ತೊಡಗಿಸುವುದು ಹೇಗೆ?

ಉತ್ತರ: ಹದಿನೈದು ದಿನ ನಡೆಯಿತು ಅಂದರೆ ಅವರಿಗೆ ಮನಸ್ಸಿತ್ತು. ನಿಂತದ್ದಕ್ಕೆ ಕಾರಣ ಕೆಲಸದ ಜೋಡಣೆಯಲ್ಲಿರುತ್ತದೆ. 11ಕ್ಕೆ ಚೆಕ್‌ಔಟ್, 1ಕ್ಕೆ ಚೆಕ್‌ಇನ್, ನಡುವೆ ಐದು ಕೋಣೆ ಮುಗಿಸಬೇಕಾದ ರೂಮ್ ಬಾಯ್ ಕೈಗೆ ಒಂದೇ ಚೀಲ ಕೊಟ್ಟರೆ ಎಲ್ಲವೂ ಆ ಒಂದು ಚೀಲಕ್ಕೇ ಹೋಗುತ್ತದೆ. ಬೋರ್ಡ್ ಎಷ್ಟು ದೊಡ್ಡದಿದ್ದರೂ ಅಷ್ಟೇ.

ಮೊದಲು ಕಸ ಕೊನೆಗೆ ಎಲ್ಲಿಗೆ ಹೋಗುತ್ತದೆ ಎಂದು ನೋಡಿ. ಕೆಲಸದವರು ಬೇರೆ ಬೇರೆ ಮಾಡಿಟ್ಟದ್ದನ್ನು ಗೇಟಿನ ಹತ್ತಿರ ಒಂದೇ ಗಾಡಿಗೆ ಒಟ್ಟಿಗೆ ಸುರಿಯುವುದನ್ನು ಒಮ್ಮೆ ಕಂಡರೆ ಸಾಕು, ಮರುದಿನದಿಂದ ಯಾರೂ ಬೇರೆ ಮಾಡುವುದಿಲ್ಲ. ಮಾಡಬಾರದು ಕೂಡ, ಅದು ದಂಡದ ಕೆಲಸ. ನಿಮ್ಮಲ್ಲಿ ಹಾಗಾಗುತ್ತಿದ್ದರೆ ಒಣ ಕಸವನ್ನು ಗಾಡಿಗೆ ಕೊಡಬೇಡಿ. ಶೆಡ್ಡಿನಲ್ಲಿ ಗೋಣಿಚೀಲ ತೂಗುಹಾಕಿ, ತಿಂಗಳಿಗೊಮ್ಮೆ ಗುಜರಿಯವರಿಗೆ ಕೊಡಿ. ಬಂದ ಹಣ ಕೆಲಸದವರ ಡಬ್ಬಿಗೇ ಹೋಗಲಿ, ಎಷ್ಟು ಬಂತು ಎಂದು ಅಡುಗೆಮನೆ ಗೋಡೆಯ ಮೇಲೆ ಬರೆದಿಡಿ. ಬಚ್ಚಲಿನ ಹಂಡೆ ಒಲೆಗೂ ಒಮ್ಮೆ ಬಗ್ಗಿ ನೋಡಿ. ಸೌದೆ ಒದ್ದೆಯಾಗಿರುವ ಮಳೆಗಾಲದಲ್ಲಿ ಬೆಂಕಿ ಹಿಡಿಸಲು ಪ್ಲಾಸ್ಟಿಕ್ ಕವರ್ ಹಾಕುವುದು ಸಾಮಾನ್ಯ. ಅಲ್ಲಿ ಬೈದು ಪ್ರಯೋಜನವಿಲ್ಲ, ಒಣಗಿದ ಪುರಳೆ ಎರಡು ಮೂಟೆ ಕೈಗೆ ಸಿಗುವ ಹಾಗೆ ಇಡಬೇಕು.

ಆಮೇಲೆ ಒಂದು ವಾರ ಅಡುಗೆಮನೆಯ ಕಸವನ್ನು ಬರೀ ತೂಗಿ. ಸ್ಪ್ರಿಂಗ್ ತಕ್ಕಡಿ ಒಂದು, ಬಕೆಟ್ ಮೂರು: ಹೆಚ್ಚುವಾಗ ಹೋದದ್ದು, ಬೇಯಿಸಿ ಉಳಿದದ್ದು, ತಟ್ಟೆಯಲ್ಲಿ ಬಿಟ್ಟದ್ದು. ಮೂರನ್ನೂ ಸೇರಿಸಿ ತೂಗಿದರೆ ಏನೂ ತಿಳಿಯುವುದಿಲ್ಲ. ಬೇಯಿಸಿ ಉಳಿಯುವುದು ಬುಕಿಂಗ್ ಸಂಖ್ಯೆ ಅಡುಗೆಯವರಿಗೆ ತಡವಾಗಿ ತಲುಪುವುದರಿಂದ, ಅಂದರೆ ಅದು ಆಫೀಸಿನ ತಪ್ಪು. ತಟ್ಟೆಯಲ್ಲಿ ಬಿಡುವುದು ಬಡಿಸುವ ಸೌಟಿನ ಅಳತೆಯಿಂದ. ತೂಕದ ಪಕ್ಕದಲ್ಲಿ ಯಾರ ಹೆಸರನ್ನೂ ಬರೆಯಬೇಡಿ. ಹೆಸರು ಬಂದ ದಿನವೇ ಬಕೆಟ್ ಹಗುರವಾಗುತ್ತದೆ, ಉಳಿದದ್ದು ಹಿಂದಿನ ತೋಡಿಗೆ ಬೀಳುತ್ತದೆ. ತಪ್ಪಿದವರ ಸಂಬಳ ಹಿಡಿಯುವ ಕಡೆಯೂ ಆಗುವುದು ಇದೇ.

ಮೀಟಿಂಗನ್ನು ಡ್ಯೂಟಿ ಹೊತ್ತಿನಲ್ಲೇ ಮಾಡಿ, 15 ನಿಮಿಷ ಸಾಕು. ವಾರಾಂತ್ಯದ ಗಲಾಟೆ ಮುಗಿದ ಮಂಗಳವಾರ ಅಥವಾ ಬುಧವಾರ ಒಳ್ಳೆಯದು. ಮಡಿಕೇರಿ ಸಂತೆಯ ಶುಕ್ರವಾರ ಬೇಡ, ಎಲ್ಲರ ಕಣ್ಣು ಗಡಿಯಾರದ ಮೇಲಿರುತ್ತದೆ. ‘ಪರಿಸರ ಉಳಿಸೋಣ’ ಎಂಬ ಭಾಷಣ ಬಿಟ್ಟು, ‘ನಿಮ್ಮ ಕೆಲಸದಲ್ಲಿ ದಿನಾ ಸುಮ್ಮನೆ ಎಸೆಯೋದು, ಸುಮ್ಮನೆ ಹರಿದುಹೋಗೋದು, ಸುಮ್ಮನೆ ಉರಿಯೋದು ಯಾವುದು?’ ಎಂದು ಕೇಳಿ. ಬಟ್ಟೆ ಒಗೆಯುವವರು, ತೋಟದವರು, ಪಾತ್ರೆ ತೊಳೆಯುವವರು ಮೊದಲು ಮಾತಾಡಲಿ, ಮ್ಯಾನೇಜರ್ ಕೊನೆಗೆ. ಹೇಳಿದ ಹತ್ತರಲ್ಲಿ ಒಂದನ್ನಾದರೂ ಅದೇ ವಾರ ಸರಿಪಡಿಸದಿದ್ದರೆ ಮುಂದಿನ ಸಲ ಬಾಯಿ ಬಿಡುವವರಿರುವುದಿಲ್ಲ. ಕೊಡವ ತಕ್ಕ್, ಅರೆಭಾಷೆ, ಮಲಯಾಳ ಆಡುವವರ ಜೊತೆ ಅಸ್ಸಾಮಿನಿಂದ ಬಂದವರೂ ಇರುವ ಜಾಗದಲ್ಲಿ ಕನ್ನಡ ಬೋರ್ಡ್ ಅರ್ಧ ಜನಕ್ಕೆ ಗೋಡೆಯ ಬಣ್ಣ ಇದ್ದಂತೆ. ಬಕೆಟ್ಟಿಗೆ ಬಣ್ಣ ಬಳಿಯಿರಿ, ಮುಚ್ಚಳಕ್ಕೆ ಒಳಗೆ ಬೀಳಬೇಕಾದ ವಸ್ತುವನ್ನೇ ಅಂಟಿಸಿ.

ಕೋಣೆಯೊಳಗೆ ಮೂರು ಬುಟ್ಟಿ ಇಡಬೇಡಿ, ಅತಿಥಿಗಳು ಮೂರಕ್ಕೂ ಎಲ್ಲವನ್ನೂ ಹಾಕುತ್ತಾರೆ. ಒಣ ಕಸಕ್ಕೆ ಕೋಣೆಯಲ್ಲೊಂದು, ಪ್ಯಾಡು ಡೈಪರಿಗೆ ಬಾತ್‌ರೂಮಿನಲ್ಲಿ ಮುಚ್ಚಳದ್ದೊಂದು. ಹಣ್ಣಿನ ಸಿಪ್ಪೆಯಂಥದ್ದು ತಟ್ಟೆಯ ಜೊತೆ ಅಡುಗೆಮನೆಗೆ ಬರುತ್ತದೆ. ರೂಮ್ ಬಾಯ್ ತಳ್ಳುವ ಗಾಡಿಗೂ ಅದೇ ಎರಡು ಬಣ್ಣದ ಎರಡು ಚೀಲ. ಹಾಲಿನ ಪ್ಯಾಕೆಟ್ ಕತ್ತರಿಸುವಾಗ ಮೂಲೆಯ ಚೂರು ಪೂರ್ತಿ ಬೇರೆಯಾಗದಂತೆ ಕತ್ತರಿಸಿ, ತೊಳೆದು, ಒಲೆಯ ಹತ್ತಿರ ಹಗ್ಗಕ್ಕೆ ಸಿಕ್ಕಿಸಬೇಕು. ತೊಳೆಯದ ಪ್ಯಾಕೆಟ್ ಜುಲೈಯಲ್ಲಿ ಎರಡೇ ದಿನಕ್ಕೆ ನಾರುತ್ತದೆ, ಗುಜರಿಯವರು ಇಡೀ ಮೂಟೆಯನ್ನೇ ಬೇಡ ಅನ್ನುತ್ತಾರೆ. ನೀರಿನ ಬಾಟಲಿ ಬದಲು ಗಾಜಿನ ಹೂಜಿ ಇಡುತ್ತೀರಾ? ಇಡಿ. ಆದರೆ ದಿನಕ್ಕೆ 24 ಹೂಜಿ ತೊಳೆಯುವ ಅರ್ಧ ಗಂಟೆಯನ್ನು ಯಾರ ಡ್ಯೂಟಿಯಿಂದ ತೆಗೆದಿರಿ ಎಂದೂ ಬರೆದಿಡಿ.

ಹೆಚ್ಚಿನವರು ಸೋಲುವುದು ಹಸಿ ಕಸವನ್ನು ಗೊಬ್ಬರ ಮಾಡುವುದರಲ್ಲಿ, ಅದೂ ಜೂನ್‌ನಿಂದ ಸೆಪ್ಟೆಂಬರ್ ನಡುವೆ. ಬೇಸಿಗೆಯಲ್ಲಿ ತೋಡಿದ ಗುಂಡಿ ಮಳೆ ಹಿಡಿದ ವಾರಕ್ಕೇ ಕೆರೆಯಾಗುತ್ತದೆ. ಗಾಳಿಯಿಲ್ಲದೆ ಕೊಳೆತು ಮೊಟ್ಟೆ ಕೆಟ್ಟ ವಾಸನೆ ಬರುತ್ತದೆ, ತೋಟದವರು ಹತ್ತಿರ ಹೋಗುವುದಿಲ್ಲ. ಅದು ಸೋಮಾರಿತನ ಅಲ್ಲ. ನಮ್ಮ ಮಳೆಗೆ ನೆಲದ ಮೇಲಿನ ತೊಟ್ಟಿಯೇ ಸರಿ: ಉದ್ದ, ಅಗಲ, ಎತ್ತರ ಒಂದೊಂದು ಮೀಟರ್, ಇಟ್ಟಿಗೆ ನಡುವೆ ಸಂದು ಬಿಟ್ಟು ಕಟ್ಟಿದ್ದು, ನೆಲ ಅರ್ಧ ಅಡಿ ಎತ್ತರ, ಮೇಲೆ ಶೀಟು, ಎರಚಲು ತಡೆಯುವಷ್ಟು ಶೀಟಿನ ಅಂಚು ಮುಂದಕ್ಕೆ. ಒಂದು ಬಕೆಟ್ ಹಸಿಗೆ ಎರಡು ಬಕೆಟ್ ಒಣದ್ದು ಹಾಕಬೇಕು. ಒಣದ್ದೆಂದರೆ ತರಗೆಲೆ, ಭತ್ತದ ಹುಲ್ಲಿನ ಚೂರು, ಕುಶಾಲನಗರದ ಕಡೆಯ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ (ಕಾಫಿಯ ಸಿಪ್ಪೆ ಬಿಡಿಸುವ ಕಾರ್ಖಾನೆ) ಸಿಗುವ ಕಾಫಿ ಹೊಟ್ಟು. ಸಿಲ್ವರ್ ಓಕ್ ಎಲೆ ಹಾಗೇ ಹಾಕಿದರೆ ಬೇಗ ಕರಗುವುದಿಲ್ಲ, ಕತ್ತಿಯಲ್ಲಿ ಕೊಚ್ಚಬೇಕು. ಒಂದು ಹಿಡಿ ತೆಗೆದು ಹಿಂಡಿ: ಒಂದೆರಡು ಹನಿ ಬಂದರೆ ಸರಿ, ಧಾರೆ ಇಳಿದರೆ ಒಣದ್ದು ಸಾಲದು. ಮೂಗಿಗೆ ಹೊಡೆಯುವ ಅಮೋನಿಯಾ ಘಾಟಿಗೂ ಮದ್ದು ಒಣ ಎಲೆಯೇ. ವಾರಕ್ಕೊಮ್ಮೆ ಮಗುಚಬೇಕು.

ಲೆಕ್ಕ ಹೀಗೆ. ದಿನಕ್ಕೆ 20 ಕಿಲೋ ಹಸಿ ಎಂದರೆ ಸುಮಾರು 40 ಲೀಟರ್, ಅದಕ್ಕೆ 80 ಲೀಟರ್ ಒಣದ್ದು. ಮಳೆಯ 120 ದಿನಕ್ಕೆ 9,600 ಲೀಟರ್, ಅಂದರೆ ನೂರು ಲೀಟರ್ ಹಿಡಿಯುವ ಚೀಲ ಸುಮಾರು ನೂರು. ಇದನ್ನು ಫೆಬ್ರವರಿಯಿಂದ ಏಪ್ರಿಲ್ ಒಳಗೆ ತುಂಬಿ, ಶೆಡ್ಡಿನಲ್ಲಿ ಹಲಗೆಯ ಮೇಲೆ ಇಟ್ಟಿರಬೇಕು. ಜುಲೈಯಲ್ಲಿ ಒಣಗಿದ ಎಲೆ ಹುಡುಕಿದರೆ ಸಿಗುವುದಿಲ್ಲ. ರಾಶಿ ಕುಗ್ಗುತ್ತಾ ಹೋಗುವುದರಿಂದ ಒಂದು ತೊಟ್ಟಿ ತುಂಬಲು 15–20 ದಿನ, ಗೊಬ್ಬರವಾಗಲು ಈ ಚಳಿಯಲ್ಲಿ ಮೂರು ತಿಂಗಳು. ಹಾಗಾಗಿ ಐದಾರು ತೊಟ್ಟಿ ಬೇಕು. ಎರಡು ಕಟ್ಟಿ ‘ಕೆಲಸ ಮಾಡಲ್ಲ’ ಎಂದು ಬಿಟ್ಟವರೇ ಜಾಸ್ತಿ. ಪಂದಿ ಕರಿಯ ಎಲುಬು, ಕೊಬ್ಬು ಇದಕ್ಕೆ ಬೇಡ, ನಾಯಿ, ಕಾಡುಹಂದಿ ಕೆದಕುತ್ತವೆ. ಹಲಸು, ಬಾಳೆಯ ವಾಸನೆ ಆನೆಗೂ ಗೊತ್ತು. ಆನೆ ಓಡಾಡುವ ಕಡೆ ತೊಟ್ಟಿಗೆ ಹಣ್ಣು ಹಾಕಿದ ಕೂಡಲೇ ಮೇಲೆ ಒಂದು ಗೇಣು ಎಲೆ, ಮಣ್ಣು ಮುಚ್ಚಬೇಕು, ಸಂಜೆ ನಂತರ ಯಾರನ್ನೂ ಅಲ್ಲಿಗೆ ಕಳಿಸಬಾರದು.

ಇನ್ನು ಕರೆಂಟು. ಲೈಟ್ ಆರಿಸಿ ಎಂದು ಹೇಳಿ ಉಳಿಯುವುದು ಅಲ್ಪ, ದೊಡ್ಡದು ಬಿಸಿನೀರು. ಸೋಲಾರ್ ಟ್ಯಾಂಕಿನ ಬ್ಯಾಕಪ್ ಕಾಯಿಲನ್ನು (ಬಿಸಿಲಿಲ್ಲದಾಗ ಕರೆಂಟಿನಿಂದ ನೀರು ಕಾಯಿಸುವುದು) ಮೋಡದ ದಿನ ಆನ್ ಮಾಡುತ್ತಾರೆ, ಅದು ಅಕ್ಟೋಬರ್‌ವರೆಗೂ ಆನ್ ಇರುತ್ತದೆ. ಮಧ್ಯಾಹ್ನ ಬಿಸಿಲು ಬಂದರೂ ಟ್ಯಾಂಕ್ ಆಗಲೇ ಕಾದಿರುವುದರಿಂದ ಆ ಬಿಸಿಲು ದಂಡ. 200 ಲೀಟರ್ ನೀರನ್ನು 20ರಿಂದ 50 ಡಿಗ್ರಿಗೆ ಏರಿಸಲು ಸುಮಾರು 7 ಯೂನಿಟ್, 2 ಕಿಲೋವಾಟ್ ಕಾಯಿಲಿಗೆ ಮೂರೂವರೆ ಗಂಟೆ. ಆದ್ದರಿಂದ ಬೆಳಗಿನ ಜಾವ ಎರಡೂವರೆಯಿಂದ ಆರರವರೆಗೆ ಟೈಮರ್. ಆ ಕಾಯಿಲ್ 9 ಆಂಪಿಯರ್ ಎಳೆಯುತ್ತದೆ, 6 ಆಂಪಿಯರಿನ ಟೈಮರ್ ಸುಟ್ಟುಹೋಗುತ್ತದೆ, 16ರದ್ದೇ ಹಾಕಿಸಿ. ಒಳಗೆ ಬ್ಯಾಟರಿಯೂ ಇರಲಿ, ಇಲ್ಲದಿದ್ದರೆ ಮಳೆಗಾಲದ ಕರೆಂಟ್ ಕಟ್‌ಗೆ ಗಡಿಯಾರ ಹಿಂದೆ ಬಿದ್ದು ನೀರು ಹತ್ತು ಗಂಟೆಗೆ ಕಾಯುತ್ತದೆ.

ಆ ಸ್ವಿಚ್ ಒತ್ತುವವನ ಕಡೆಯಿಂದಲೂ ನೋಡಿ. ಕಾಯಿಲ್ ಆನ್ ಇದ್ದದ್ದಕ್ಕೆ ಯಾರೂ ಅವನನ್ನು ಬೈದಿಲ್ಲ, ನೀರು ತಣ್ಣಗಿದ್ದದ್ದಕ್ಕೆ ಬೈದಿದ್ದಾರೆ. ಟೈಮರ್ ಹಾಕಿದ ಮೊದಲ ತಿಂಗಳು ಅತಿಥಿಯ ದೂರು ಬಂದರೆ ಅದು ಮ್ಯಾನೇಜರ್ ತಲೆಗೆ ಎಂದು ಎಲ್ಲರೆದುರು ಹೇಳಿ, ಹಾಗೇ ನಡೆದುಕೊಳ್ಳಿ. ಇಷ್ಟು ಮಾಡದಿದ್ದರೆ ಟೈಮರನ್ನು ಬೈಪಾಸ್ ಮಾಡುವ ತಂತಿ ಒಂದೇ ವಾರದಲ್ಲಿ ಬಂದಿರುತ್ತದೆ.

ಪ್ರತಿ ಕೆಲಸಕ್ಕೂ ಇಬ್ಬರಿರಲಿ. ಕೈಲ್‌ಪೊಳ್ದ್, ಪುತ್ತರಿ ಹಬ್ಬಗಳ ಹೊತ್ತಿಗೆ ಊರಿನವರು ರಜೆ ಹಾಕುತ್ತಾರೆ, ಕಾಫಿ ಕೊಯ್ಲು ಶುರುವಾದರೆ ತೋಟದವರು ಕಿಲೋ ಲೆಕ್ಕದ ಕೂಲಿಗೆ ಹೋಗಿಬಿಡುತ್ತಾರೆ. ತೊಟ್ಟಿ ಮಗುಚುವುದು ಒಬ್ಬನಿಗೇ ಗೊತ್ತಿದ್ದರೆ ಅವನು ಹೋದ ಹತ್ತನೇ ದಿನಕ್ಕೆ ಹುಳ. ರಜೆ ಚೀಟಿಯ ಕೆಳಗೇ ‘ತೊಟ್ಟಿ ಯಾರಿಗೆ, ತಕ್ಕಡಿ ಪುಸ್ತಕ ಯಾರಿಗೆ’ ಎಂಬ ಎರಡು ಸಾಲು ಸೇರಿಸಿ, ಅದನ್ನು ತುಂಬದೆ ರಜೆಗೆ ಸಹಿ ಹಾಕಬೇಡಿ.